ಹಾಲ್ ಗೋಡೆಗೆ ಇಟ್ಟಿಗೆ ಡಿಸೈನ್ ಫೋಮ್ ಶೀಟ್ ಯಾರಾದ್ರೂ ಹಾಕಿದೀರಾ? ಶೀಟ್ ಬಂದಿದೆ, ಅತ್ತೆ ಬೇಡ ಅಂತಿದಾರೆ

ಸಾಲಗಾಮೆ_ರೋಡ್
ನಮಸ್ಕಾರ ಎಲ್ರಿಗೂ. ನಮ್ದು ಹಾಸನ, ಸ್ವಂತ ಮನೆ, ಮಾವ ಕಟ್ಸಿದ್ದು, ಇಪ್ಪತ್ತು ವರ್ಷದ ಮೇಲಾಯ್ತು. ಹಾಲ್‌ನಲ್ಲಿ ಟಿವಿ ಇರೋ ಗೋಡೆ ಹತ್ತಡಿ ಅಗಲ ಒಂಬತ್ತಡಿ ಎತ್ತರ, ಬಣ್ಣ ಮಾಸಿ ನೋಡಕ್ಕಾಗ್ತಿಲ್ಲ, ಪೇಂಟರ್ ಕೇಳಿದ್ರೆ ಒಂದೇ ಗೋಡೆಗೆಲ್ಲ ಬರಲ್ಲ ಮನೆ ಪೂರ್ತಿ ಆದ್ರೆ ಹೇಳಿ ಅಂದ್ರು. ಅದಕ್ಕೆ ಈ ಇಟ್ಟಿಗೆ ಥರ ಉಬ್ಬು ಉಬ್ಬಾಗಿರೋ ಫೋಮ್ ಶೀಟ್ ಬರುತ್ತಲ್ಲ, ಹಿಂದಿನ ಪೇಪರ್ ಸುಲಿದು ಅಂಟಿಸೋದು, ಕೆಂಪು ಇಟ್ಟಿಗೆ ಬಣ್ಣದ್ದು 12 ತರಿಸ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ನೆಂಟರು ಬರೋದ್ರೊಳಗೆ ಹಾಕ್ಬೇಕು ಅಂತ ಆಸೆ.

ಪಾರ್ಸಲ್ ಬಿಚ್ಚಿದ್ದೇ ತಡ ಅತ್ತೆ ಶುರು ಮಾಡಿದ್ರು. "ಇಟ್ಗೆ ಗೋಡೆ ಬರೀ ಮೈಯಲ್ಲಿ ಆರ್ ವರ್ಷ ನಿಂತಿತ್ತು ಕಣವ್ವ, ಗಿಲಾವ್ ಮಾಡ್ಸಾಕೆ ನಿಮ್ಮಾವ ಎಷ್ಟ್ ಒದ್ದಾಡವ್ರೆ ಗೊತ್ತಾ, ಬಂದೋರೆಲ್ಲ ಯಾವಾಗ ಗಿಲಾವು ಯಾವಾಗ ಗಿಲಾವು ಅನ್ನೋರು, ಈಗ ಅದ್ರ ಮ್ಯಾಲೆ ಕಾಸ್ ಕೊಟ್ಟು ಇಟ್ಗೆ ಬರ್ಸ್ಕಂಡು ಕುಂತ್ಕತೀಯಾ?" ಅಂತ. ನಂಗೆ ನಗು ಬಂತು, ಅವ್ರಿಗೆ ಬರ್ಲಿಲ್ಲ.

ಇದು ಎಷ್ಟು ವರ್ಷ ಬರುತ್ತೆ, ನಮ್ಮ ಕಡೆ ಮಳೆಗೆ ನಿಲ್ಲುತ್ತಾ, ಹಾಕಿದೋರು ಹೇಳಿ.

ಮಿತಭಾಷಿ
ಅತ್ತೆ ಪರ.

ಆನ್‌ಲೈನ್_ಗಿರಾಕಿ
ಅಕ್ಕ ಹಾಕಿ ಏನೂ ಆಗಲ್ಲ, ನಮ್ಮನೇಲಿ ಬೆಡ್‌ರೂಮಿಗೆ ಹಾಕಿ ಒಂದೂವರೆ ವರ್ಷ ಆಯ್ತು, ಮಂಚದ ಹಿಂದೆ ದಿಂಬು ಒರಗಿಸಿದ್ರೆ ಮೆತ್ತಗಿರುತ್ತೆ, ಚಳಿಗಾಲದಲ್ಲಿ ಗೋಡೆ ಥಂಡಿನೂ ಹೊಡೆಯಲ್ಲ. ಒಂದೇ ಪ್ರಾಬ್ಲಮ್ ಅಂದ್ರೆ ಉಗುರು ತಾಗಿದ್ರೆ ಗುಳಿ ಬೀಳುತ್ತೆ, ನಮ್ಮ ಮಗ ಒಂದು ಸಾಲು ಇಟ್ಟಿಗೆ ಪೂರ್ತಿ ಪೆನ್ನಲ್ಲಿ ತೂತು ಮಾಡವ್ನೆ.

ಸಕಲೇಶಪುರ_ಜಡಿಮಳೆ
ಆ ಮನೆ ಎಲ್ಲಿ ಅಂತ ಮೊದ್ಲು ಹೇಳಿ ಸ್ವಾಮಿ, ಅರಸೀಕೆರೆ ಕಡೆನಾ ಇಲ್ಲ ಘಾಟಿ ಕಡೆನಾ. ಜಿಲ್ಲೆ ಒಂದೇ ಆದ್ರೂ ಗೋಡೆ ಬೇರೆ.

ಅರಸೀಕೆರೆ_ತೆಂಗು
ನಮ್ ಕಡೆ ಗೋಡೆ ಬಗ್ಗೆ ಚಿಂತೆನೇ ಇಲ್ಲ ಬಿಡಿ, ಕುಡಿಯೋ ನೀರಿಗೇ ಕಾಯ್ತೀವಿ ಗೋಡೆಗೆಲ್ಲಿಂದ ಬರ್ಬೇಕು. ಅಂಗಡಿ ಕೌಂಟರ್ ಹಿಂದೆ ಹಾಕ್ಸಿ ಮೂರು ವರ್ಷ ಆಯ್ತು, ಗಟ್ಟಿಯಾಗಿ ನಿಂತೈತೆ. ಬಿಸಿಲು ಬೀಳೋ ಕಡೆ ಮಾತ್ರ ಬಣ್ಣ ಬಿಳಚ್ಕಂಡು ಹುಣಸೆಹಣ್ಣು ತೊಳೆದ ನೀರಿನಂಗೆ ಆಗೈತೆ.

ಸಕಲೇಶಪುರ_ಜಡಿಮಳೆ
ಅದೇ ನೋಡಿ. ನಮ್ಮಲ್ಲಿ ಅದೇ ಶೀಟು ಒಂದು ಮಳೆಗಾಲ ದಾಟ್ಲಿಲ್ಲ. ಜುಲೈನಲ್ಲಿ ಮೂಲೆಗಳು ಒಂದೊಂದೇ ಬಿಟ್ಕೊಂಡು ಮುಂದಕ್ಕೆ ಬಾಗಿದ್ವು, ಅಪ್ಪ ಮೊದಲು ಫೆವಿಕಾಲ್ ಹಾಕಿದ್ರು, ಆಮೇಲೆ ಮೊಳೆ ಹೊಡೆದ್ರು. ಮೊಳೆ ಹೊಡೆದ ವಾಲ್‌ಪೇಪರ್ ನೋಡಿದೀರಾ ಯಾರಾದ್ರೂ? ಆಗಸ್ಟ್‌ನಲ್ಲಿ ಒಂದು ಶೀಟ್ ಎಳೆದು ನೋಡಿದ್ರೆ ಹಿಂದೆ ಪೂರ್ತಿ ಕಪ್ಪು ಬೂಷ್ಟು, ಮಧ್ಯದಲ್ಲಿ ಒಂದು ಹಲ್ಲಿ ಮರಿ ಆರಾಮಾಗಿ ಮಲಗಿದೆ. ವಾಸನೆ ಅಂತೂ ಒದ್ದೆ ಗೋಣಿಚೀಲ ಮಡಚಿಟ್ಟಂಗೆ.

ಬಾಡಿಗೆಮನೆ_ಬ್ಯಾಚುಲರ್
ಹಲ್ಲಿ ಬಾಡಿಗೆ ಕೊಡ್ತಿತ್ತಾ?

ಹೋಂಸ್ಟೇ_ಹರಟೆ
ಇದ್ರಲ್ಲಿ ನಾವು ಸೀನಿಯರ್ ಮಾರಾಯ್ರೆ. ಮೂಡಿಗೆರೆ ಹತ್ರ ನಮ್ಮದೊಂದು ಸಣ್ಣ ಹೋಂಸ್ಟೇ, ನಾಲ್ಕು ರೂಮು. ಗೆಸ್ಟ್‌ಗಳು ಫೋಟೋ ತೆಗೆಸ್ಕೊಳ್ಳೋಕೆ ಒಂದು ಗೋಡೆ ಬೇಕು ಅಂತ ಮಗಳು ಹಠ ಮಾಡಿದ್ಲು, ಫೋಮ್ ಬೇಡ ಅಂತ ರೋಲ್ ವಾಲ್‌ಪೇಪರ್ ತರಿಸಿದ್ವಿ, ವಿನೈಲ್, ಇಟ್ಟಿಗೆ ಮೇಲೆ ಕೈಯಾಡಿಸಿದ್ರೆ ತರಿತರಿ ಸಿಗ್ತಿತ್ತು, ನಿಜಕ್ಕೂ ಚಂದ ಇತ್ತು. ಎರಡು ರೂಮಿಗೆ ಹಾಕಿದ್ವಿ. ಪೂರ್ವದ ಗೋಡೇದು ಇವತ್ತಿಗೂ ಹಾಗೇ ಇದೆ. ಪಶ್ಚಿಮದ ಗೋಡೇದು ಮೊದಲ ಮಳೆಗಾಲಕ್ಕೇ ಹೊಟ್ಟೆ ಬಿಟ್ಕೊಂಡು ನಿಂತ್ಕೊಂಡ್ತು, ಒತ್ತಿದ್ರೆ ಒಳಗೆ ಪಚಪಚ ಸದ್ದು.

ಕಾರಣ ಎಂತ ಇಲ್ಲ, ನಮ್ಮಲ್ಲಿ ಮಳೆ ಗಾಳಿ ಜೊತೆ ಪಶ್ಚಿಮದಿಂದಲೇ ಹೊಡೆಯೋದು. ಹಳೇ ಮನೆಗಳಿಗೆ ಮಳೆಗಾಲ ಶುರುವಾಗೋ ಮೊದಲು ಆ ಕಡೆ ಗೋಡೆಗೆ ಅಡಿಕೆ ಸೋಗೆ ತಟ್ಟಿ ಕಟ್ತಿದ್ರು. ಈಗ ಆರ್‌ಸಿಸಿ ಮನೆ ಅಂತ ತಟ್ಟಿ ಬಿಟ್ವಿ, ಒಳಗಡೆ ಪ್ಲಾಸ್ಟಿಕ್ ಅಂಟಿಸಿದ್ವಿ. ನಮ್ಮಪ್ಪ ಹೇಳಿದ್ದು ಒಂದೇ ಮಾತು, ಕೋಟು ಅಂಗಿ ಒಳಗೆ ಹಾಕ್ಕೊಂಡಂಗಾಯ್ತು ನಿಮ್ಮ ಕಥೆ ಅಂತ.

ಮಿತಭಾಷಿ
ಅಪ್ಪನ ಪರ.

ಗಾರೆ_ಕರಣೆ
ಮೇಸ್ತ್ರಿ ಮಗ ನಾನು, ನಾನೂ ಅದೇ ಕೆಲಸ. ಒಂದು ವಿಷಯ ಎಲ್ರೂ ಬಿಡ್ತಿದೀರ. ಗೋಡೆ ಉಸಿರಾಡ್ಬೇಕು. ಸುಣ್ಣ ಹೊಡೆದ ಗೋಡೇಲಿ ತೇವ ಬಂದ್ರೂ ಅದು ಆಚೆಗೆ ಆರಿ ಹೋಗ್ತಿತ್ತು. ವಿನೈಲು, ಫೋಮು ಎರಡೂ ಪ್ಲಾಸ್ಟಿಕ್ಕೇ, ತೇವ ಒಳಗೇ ಸಿಕ್ಕಾಕ್ಕೊಳ್ಳುತ್ತೆ. ಸಿಕ್ಕಾಕ್ಕೊಂಡು ಅಂಟು ಬಿಡಿಸುತ್ತೆ, ಬೂಷ್ಟು ಹಿಡಿಸುತ್ತೆ, ಗಾರೆ ಒಳಗಿನ ಉಪ್ಪು ಬೆಳ್ಳಗೆ ಹಿಟ್ಟಿನಂಗೆ ಆಚೆ ಬರುತ್ತೆ. ಶೀಟ್ ತಪ್ಪಲ್ಲ ಇದು, ಗೋಡೆ ಕಾಯಿಲೆ.

ಅಂಟಿಸೋ ಮೊದಲು ಹಿಂಗೆ ಮಾಡಿ. ಒಂದಡಿ ಚೌಕ ದಪ್ಪ ಪ್ಲಾಸ್ಟಿಕ್ ಕವರ್ ಕತ್ತರಿಸಿ ಗೋಡೆಗೆ ನಾಲ್ಕೂ ಕಡೆ ಗಾಳಿ ಹೋಗದಂಗೆ ಟೇಪ್ ಹಾಕಿ. ಮಂಡಿ ಎತ್ತರಕ್ಕೊಂದು, ತಲೆ ಎತ್ತರಕ್ಕೊಂದು. ಎರಡು ದಿನ ಬಿಟ್ಟು ನೋಡಿ. ಕವರ್ ಒಳಗಡೆ, ಗೋಡೆ ಕಡೆಗೆ ಬೆವರು ಕೂತಿದ್ರೆ ತೇವ ಗೋಡೆಯಿಂದ ಬರ್ತಿದೆ ಅಂತ. ಹೊರಗಡೆ, ನಿಮ್ಮ ಕಡೆಗೆ ಕೂತಿದ್ರೆ ಮನೆ ಒಳಗಿನ ಗಾಳಿದು, ಕಿಟಕಿ ತೆಗೆದಿಟ್ರೆ ಸಾಕು. ಮಳೆ ಬರ್ತಿರುವಾಗ್ಲೇ ಮಾಡಿ, ಈಗ್ಲೇ. ಫೆಬ್ರವರೀಲಿ ಎಲ್ಲಾ ಗೋಡೇನೂ ಒಳ್ಳೇದೇ.

ಸಾಲಗಾಮೆ_ರೋಡ್
ಥ್ಯಾಂಕ್ಸ್ ಅಣ್ಣ. ಇವತ್ತೇ ಹಾಕ್ತೀನಿ. ಗ್ಯಾಸ್ ಬುಕ್ ಮಾಡಿದ ಚೀಟಿ ಇಡೋ ಕವರ್ ಇದೆ ಆಗುತ್ತಾ?

ಗಾರೆ_ಕರಣೆ
ತೂತಿಲ್ದಿದ್ರೆ ಆಗುತ್ತೆ.

ಬಣ್ಣದ_ಡಬ್ಬ
ಇನ್ನೊಂದು ಕೇಳ್ಬೇಕಿತ್ತು, ಗೋಡೆಗೆ ಈಗಿರೋದು ಡಿಸ್ಟೆಂಪರಾ ಎಮಲ್ಷನ್ನಾ? ಕೈಯಲ್ಲಿ ಉಜ್ಜಿದ್ರೆ ಬಿಳಿ ಪುಡಿ ಬಂದ್ರೆ ಡಿಸ್ಟೆಂಪರ್, ಅದರ ಮೇಲೆ ಯಾವ ಸ್ಟಿಕರ್ರೂ ನಿಲ್ಲಲ್ಲ ಯಾಕಂದ್ರೆ ಅಂಟು ಹಿಡ್ಕೊಳ್ಳೋದು ಗೋಡೆನಲ್ಲ, ಆ ಪುಡಿನ. ಪುಡಿ ಉದುರಿದ್ರೆ ಶೀಟೂ ಉದುರುತ್ತೆ. ಉಜ್ಜಿ ತೆಗೆದು ಪ್ರೈಮರ್ ಒಂದು ಕೋಟ್ ಹೊಡೆದು, ಚೆನ್ನಾಗಿ ಒಣಗಿದ ಮೇಲೆ ಅಂಟಿಸ್ಬೇಕು.

ಮತ್ತೆ 12 ಶೀಟ್ ಎಲ್ಲಿ ಸಾಲುತ್ತೆ ಮೇಡಂ?

ಸಾಲಗಾಮೆ_ರೋಡ್
ಟಿವಿ ಹಿಂದೆ ಯಾರು ನೋಡ್ತಾರೆ ಅಂತ ಟಿವಿ, ಕೆಳಗಿನ ಯೂನಿಟ್ ಎರಡೂ ಕಳೆದು ಲೆಕ್ಕ ಹಾಕ್ದೆ 😅

ಬಣ್ಣದ_ಡಬ್ಬ
43 ಇಂಚಿನ ಟಿವಿ ಅಂತಿಟ್ಕೊಂಡ್ರೆ ಮೂರಡಿ ಚಿಲ್ಲರೆ ಅಗಲ, ಎರಡಡಿನೂ ಇಲ್ಲ ಎತ್ತರ, ಹೆಚ್ಚು ಕಮ್ಮಿ ಐದೂವರೆ ಚದರಡಿ. ಅಂದ್ರೆ ಒಂದು ಶೀಟ್ ಉಳಿಯುತ್ತೆ ಅಷ್ಟೇ. ನಿಮ್ಮ ಶೀಟ್ 70 ಸೆಂಟಿಮೀಟರ್‌ಗೆ 77 ತಾನೇ? ಅದು 5.8 ಚದರಡಿ. ಗೋಡೆ 90 ಚದರಡಿ. 16 ಬೇಕೇ ಬೇಕು, ಕತ್ತರಿಸೋವಾಗ ಹಾಳಾಗೋದಕ್ಕೆ ಎರಡು ಜಾಸ್ತಿ. ಇನ್ನು ಆರು ಈಗ ತರಿಸಿದ್ರೆ ಅದೇ ಕೆಂಪು ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಲಾಟ್ ಬದಲಾದ್ರೆ ಬಣ್ಣ ಒಂದು ಚೂರು ಬದಲಾಗುತ್ತೆ, ಕೈಯಲ್ಲಿ ಹಿಡಿದಾಗ ಗೊತ್ತಾಗಲ್ಲ, ಗೋಡೆ ಮೇಲೆ ಅಕ್ಕಪಕ್ಕ ಹಾಕಿದ ಮೇಲೆ ತೇಪೆ ಹಾಕಿದಂಗೆ ಕಾಣುತ್ತೆ.

ಆನ್‌ಲೈನ್_ಗಿರಾಕಿ
ಅದಕ್ಕೆ ರೋಲೇ ಬೆಸ್ಟು. ಒಂದು ರೋಲ್ 57 ಚದರಡಿ. 90ಕ್ಕೆ ಒಂದೂವರೆಗಿಂತ ಚೂರು ಜಾಸ್ತಿ, ಎರಡು ರೋಲ್ ಸಾಕು.

ಬಣ್ಣದ_ಡಬ್ಬ
ಹಂಗಲ್ಲ ಗುರೂ ಲೆಕ್ಕ. ರೋಲ್ 21 ಇಂಚು ಅಗಲ, 33 ಅಡಿ ಉದ್ದ. ಒಂಬತ್ತಡಿ ಗೋಡೆಗೆ ಒಂದು ರೋಲಲ್ಲಿ ಮೂರು ಪಟ್ಟಿ ಬರುತ್ತೆ, ಮಿಕ್ಕಿದ್ದು ಇಟ್ಟಿಗೆ ಸಾಲು ಜೋಡಿಸೋವಾಗ ಕತ್ತರಿಸಿ ಹೋಗುತ್ತೆ. ಹತ್ತಡಿಗೆ ಆರು ಪಟ್ಟಿ, ಎರಡು ರೋಲ್. ನಿಮ್ಮ ಉತ್ತರ ಸರಿ ಇದೆ, ಆದ್ರೆ ಹತ್ತಡಿ ಎಂಟಿಂಚು ಗೋಡೆ ಆಗಿದ್ರೆ ಏಳು ಪಟ್ಟಿ ಬೇಕು, ಮೂರನೇ ರೋಲ್ ತರ್ಬೇಕಾಗುತ್ತೆ. ಅದೆಷ್ಟು ಜನ ಪಟ್ಟಿ ಲೆಕ್ಕ ಬಿಟ್ಟು ಚದರಡಿ ಲೆಕ್ಕ ಹಿಡ್ಕೊಂಡು ಬಂದು ಅಂಗಡೀಲಿ ಜಗಳ ಆಡ್ತಾರೆ ನಿಮಗೆ ಗೊತ್ತಿಲ್ಲ.

ಬಾಡಿಗೆಮನೆ_ಬ್ಯಾಚುಲರ್
ಬಾಡಿಗೆ ಮನೆಯವರು ಯಾರೂ ಈ ತಪ್ಪು ಮಾಡ್ಬೇಡಿ ಅಂತ ನನ್ನ ಕಥೆ ಹೇಳ್ತೀನಿ. ಚಿಕ್ಕಮಗಳೂರಲ್ಲಿ ರೂಮು, ಗೋಡೆ ಮೇಲೆ ಹಿಂದಿನವರ ಮಗು ಕ್ರೇಯಾನಲ್ಲಿ ಬರೆದ ಆನೆ ಇತ್ತು. ಮುಚ್ಚೋಣ ಅಂತ ನಾಲ್ಕು ಬಿಳಿ ಇಟ್ಟಿಗೆ ಶೀಟ್ ಹಾಕಿದೆ. ಈಸಿಯಾಗಿ ತೆಗೀಬಹುದು ಅಂತ ಪ್ಯಾಕೆಟ್ ಮೇಲೆ ಬರೆದಿತ್ತು. ಈಸಿಯಾಗೇ ಬಂತು, ಗೋಡೆ ಬಣ್ಣ ಸಮೇತ, ಒಂದು ಕಡೆ ಪುಟ್ಟಿನೂ ಬಂತು. ಮನೆ ಓನರ್ ಬಂದು ನೋಡಿ ಒಂದೂ ಮಾತಾಡ್ಲಿಲ್ಲ, ಅಡ್ವಾನ್ಸ್‌ನಲ್ಲಿ ಎರಡು ಸಾವಿರ ಕಮ್ಮಿ ಕೊಟ್ರು. ಆನೆ ಮಾತ್ರ ಹಾಗೇ ಇತ್ತು ಗೋಡೆ ಮೇಲೆ, ಅದ್ಯಾವ ಕ್ರೇಯಾನೋ.

ಹೋಂಸ್ಟೇ_ಹರಟೆ
ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಎಳೀಬೇಕಿತ್ತು ಮಾರಾಯ. ಅಂಟು ಮೆತ್ತಗಾಗುತ್ತೆ.

ಬಾಡಿಗೆಮನೆ_ಬ್ಯಾಚುಲರ್
ಸಾರ್ ನನ್ ತಲೇಲಿ ಕೂದಲೇ ಇಲ್ಲ ಡ್ರೈಯರ್ ಎಲ್ಲಿಂದ ಬರುತ್ತೆ

ಹಳೇಬೀಡು_ಬಳಪ
ಹರಟೆ ಮಧ್ಯೆ ಒಂದು ವಿಷಯ. ಉಬ್ಬು ವಾಲ್‌ಪೇಪರ್ ಅನ್ನೋದು ಇವತ್ತಿನ ಆನ್‌ಲೈನ್ ಕಂಪನಿಗಳ ಐಡಿಯಾ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅನ್ನೋನು 1877ರಲ್ಲೇ ಲಿನ್‌ಕ್ರಸ್ಟಾ ಅಂತ ಮಾಡಿದ್ದ, ಅಗಸೆ ಎಣ್ಣೆ ಗಟ್ಟಿ ಮಾಡಿ ರೋಲರ್‌ನಿಂದ ಡಿಸೈನ್ ಒತ್ತೋದು. ನೆಲಕ್ಕೆ ಹಾಸೋ ಲಿನೋಲಿಯಂ ಕಂಡುಹಿಡಿದವನೂ ಅವನೇ. ಮರದ ಕೆತ್ತನೆ, ಗಾರೆ ಕೆತ್ತನೆ ಇವನ್ನೆಲ್ಲ ಮಾಡಿಸೋಕೆ ದುಡ್ಡು ಸಾಲದವರಿಗೆ ಅದೇ ಥರ ಕಾಣೋದನ್ನ ಕೊಟ್ಟ. ಆದ್ರೆ ಅದು ಒಣಗಿ ಗಟ್ಟಿಯಾಗ್ತಿತ್ತು, ನೂರು ವರ್ಷದ ಮೇಲೂ ಗೋಡೆ ಮೇಲೆ ನಿಂತಿರೋ ಮನೆಗಳಿವೆ. ನಮ್ಮ ಫೋಮ್ ಪೆನ್ ಚುಚ್ಚಿದ್ರೆ ಮುಗೀತು.

ಮಿತಭಾಷಿ
ಇದ್ರಿಂದ ಅತ್ತೆ ಒಪ್ತಾರಾ?

ಹಳೇಬೀಡು_ಬಳಪ
ಅತ್ತೆನ ಶೆಟ್ಟಿಹಳ್ಳಿಗೆ ಕರ್ಕೊಂಡು ಹೋಗಿ. ಹಾಸನದವರಿಗೆ ಬರೀ ಇಟ್ಟಿಗೆ ಗೋಡೆ ಎಷ್ಟು ಚಂದ ಅಂತ ಅಲ್ಲಿಗಿಂತ ಎಲ್ಲಿ ತೋರಿಸ್ತೀರ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು, ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಮಳೆಗಾಲ ಬಂದ್ರೆ ಅರ್ಧಂಬರ್ಧ ಮುಳುಗುತ್ತೆ, ಬೇಸಿಗೆಗೆ ಎದ್ದು ನಿಲ್ಲುತ್ತೆ. ಗಾರೆ ಉದುರಿ ಇಟ್ಟಿಗೆ ಕಾಣೋದನ್ನ ನೋಡೋಕೆ ಬೆಂಗಳೂರಿಂದ ಕಾರ್ ಮಾಡ್ಕೊಂಡು ಬರ್ತಾರೆ ಜನ.

ಗಾರೆ_ಕರಣೆ
ಬರ್ತಾರೆ ಸರಿ, ಅದರಲ್ಲಿ ಸಂಸಾರ ಮಾಡಕ್ಕೆ ಬರಲ್ಲವಲ್ಲ ಸಾರ್. ಸೂರಿಲ್ಲ ಅದಕ್ಕೆ.

ಸಾಲಗಾಮೆ_ರೋಡ್
ಅತ್ತೆಗೆ ಫೋಟೋ ತೋರಿಸ್ದೆ ಈಗ. "ಪಾಪ, ಅದ್ಕೂ ಗಿಲಾವು ಉದುರೋಗೈತೆ" ಅಂದ್ರು.

ಕಾಫಿ_ಕಣ
😂😂 ಅತ್ತೆಗೆ ಒಂದು ಅಕೌಂಟ್ ಮಾಡ್ಕೊಡಿ ಅಕ್ಕ.

ಆದ್ರೆ ಅವರು ಹೇಳೋದ್ರಲ್ಲಿ ನಿಜ ಇದೆ. ನಮ್ಮ ಎಸ್ಟೇಟಲ್ಲಿ ಕೆಲಸದವರು ಇರೋ ಲೈನ್ ಮನೆಗಳು ಬಹಳ ಕಾಲ ಗಾರೆ ಇಲ್ದೇನೇ ಇದ್ವು. ಅಲ್ಲೇ ಬೆಳೆದ ಹುಡುಗ ಒಬ್ಬ ಈಗ ಬೆಂಗಳೂರಲ್ಲಿ ಕೆಲಸ, ಹೋದ ವರ್ಷ ಊರಲ್ಲಿ ಮನೆ ಕಟ್ಟಿದ, ಒಳಗೆ ಹೊರಗೆ ಎರಡೆರಡು ಸಲ ಪುಟ್ಟಿ ಹೊಡೆಸಿದ್ದಾನೆ, ಗೋಡೆ ಮೇಲೆ ಕೈ ಇಟ್ರೆ ಜಾರುತ್ತೆ. ಪಕ್ಕದಲ್ಲೇ ತೋಟದ ಯಜಮಾನರು ಬಂಗಲೆಯ ಗೋಡೆಗೆ ಇಟ್ಟಿಗೆ ಟೈಲ್ಸ್ ಹಾಕಿಸ್ತಿದ್ದಾರೆ. ಹುಡುಗ ಬಂದು ನೋಡಿ "ಸಾರ್ ಕೆಲಸ ಅರ್ಧಕ್ಕೆ ನಿಲ್ಲಿಸಿದ್ರಾ" ಅಂತ ಸೀರಿಯಸ್ಸಾಗೇ ಕೇಳಿದ.

ಆನ್‌ಲೈನ್_ಗಿರಾಕಿ
ಅಯ್ಯೋ ಅದೆಲ್ಲ ಹಳೇ ಕಾಲದ ಯೋಚನೆ, ಈಗ ಅದೇ ಸ್ಟೈಲು. ಕೆಫೆಗಳಲ್ಲಿ ಎಲ್ಲಾ ಇಟ್ಟಿಗೆನೇ.

ಕಾಫಿ_ಕಣ
ಗಿಲಾವು ಮಾಡ್ಸಕ್ಕೆ ಆರು ವರ್ಷ ಕಾದೋರಿಗೆ ಸ್ಟೈಲ್ ಅಂತ ಹೇಳಿ ನೋಡೋಣ.

ಅರಸೀಕೆರೆ_ತೆಂಗು
ನಂದೊಂದು ಐಡಿಯಾ, ಅವರ ಮನೆ ಗೋಡೆ ಒಳಗೆ ನಿಜವಾದ ಇಟ್ಟಿಗೆನೇ ಐತಲ್ಲ? ಗಾರೆ ಕೆತ್ತಿ ಹಾಕಿದ್ರೆ ಖರ್ಚಿಲ್ದೆ ಒರಿಜಿನಲ್ ಇಟ್ಟಿಗೆ ಗೋಡೆ!

ಗಾರೆ_ಕರಣೆ
ಬೇಡಿ ದೇವ್ರಾಣೆ ಬೇಡಿ. ಗಾರೆ ಬರುತ್ತೆ ಅಂತ ಗೊತ್ತಿದ್ದು ಕಟ್ಟಿದ ಗೋಡೆನ ನಾವು ಚಂದಕ್ಕೆ ಕಟ್ಟಿರಲ್ಲ, ನಿಜ ಹೇಳ್ತೀನಿ. ಒಡೆದ ಇಟ್ಟಿಗೆ, ಅರ್ಧ ಇಟ್ಟಿಗೆ ಎಲ್ಲಾ ಅದರಲ್ಲೇ ಸೇರಿಸಿರ್ತೀವಿ, ಸಂದು ಒಂದು ಕಡೆ ಅರ್ಧ ಇಂಚು ಒಂದು ಕಡೆ ಒಂದಿಂಚು. ವೈರಿಂಗ್ ಪೈಪಿಗೆ ಕೊರೆದ ಕಾಲುವೆ ಬೇರೆ ಇರುತ್ತೆ. ಕಾಣೋ ಹಂಗೆ ಕಟ್ಟೋ ಗೋಡೆಗೆ ಇಟ್ಟಿಗೆ ಆರಿಸಿ, ನೂಲು ಹಿಡಿದು, ಸಂದು ತುಂಬಿ ತೀಡ್ಬೇಕು, ಕೂಲಿ ಅದಕ್ಕೇ ಜಾಸ್ತಿ. ಕೇರಳದಲ್ಲಿ ಲಾರಿ ಬೇಕರ್ ಅನ್ನೋ ಆರ್ಕಿಟೆಕ್ಟ್ ಕಟ್ಟಿಸಿದ ಮನೆಗಳಿವೆಯಲ್ಲ, ಗಾರೆನೇ ಇಲ್ದೆ, ಇಟ್ಟಿಗೆನ ಮಗ್ಗುಲಾಗಿ ನಿಲ್ಲಿಸಿ ಮಧ್ಯೆ ಟೊಳ್ಳು ಬಿಟ್ಟು ಕಟ್ಟೋದು, ರ‍್ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ, ಇಟ್ಟಿಗೆ ಕಾಲು ಭಾಗ ಉಳಿಯುತ್ತೆ. ಅದನ್ನ ಒಂದು ಸಲ ಟ್ರೈ ಮಾಡ್ದೆ, ಹೊಲದ ಪಂಪ್ ಹೌಸಿಗೆ. ನಮ್ಮಪ್ಪ ಮೂರು ದಿನ ಮಾತಾಡ್ಸಿಲ್ಲ, ಮೇಸ್ತ್ರಿ ಮಗ ಆಗಿ ಇಟ್ಟಿಗೆ ಕದ್ದ ಅಂತಾರೆ ಕಣೋ ಜನ ಅಂತ.

ಈಗಂತೂ ಹಾಸನದಲ್ಲಿ ಮನೆ ಕಟ್ಟೋರು ಬಹಳ ಜನ ಸಿಮೆಂಟ್ ಬ್ಲಾಕಲ್ಲೇ ಕಟ್ಟೋದು. ಬ್ಲಾಕಲ್ಲಿ ಕಟ್ಟಿ ಇಟ್ಟಿಗೆ ಸ್ಟಿಕರ್ ಅಂಟಿಸ್ತಾರೆ.

ಮಿತಭಾಷಿ
ಪಂಪ್ ಹೌಸ್ ನಿಂತಿದೆಯಾ?

ಗಾರೆ_ಕರಣೆ
ಕಲ್ಲು ಗುಂಡಿನಂಗೆ ನಿಂತೈತೆ. ಅಪ್ಪ ಈಗ ಅದರ ನೆರಳಲ್ಲೇ ಮಲಗೋದು.

ಸಾಲಗಾಮೆ_ರೋಡ್
ಅಪ್ಡೇಟ್. ಎರಡು ದಿನ ಆಯ್ತು ಕವರ್ ಹಾಕಿ. ತಲೆ ಎತ್ತರದ್ದು ಒಣಗಿದೆ, ಏನೂ ಇಲ್ಲ. ಮಂಡಿ ಎತ್ತರದ್ದು ತೆಗೆದೆ, ಒಳಗಡೆ ಸಣ್ಣ ಸಣ್ಣ ಹನಿ, ರಾಗಿ ಕಾಳಷ್ಟಷ್ಟು, ಗೋಡೆ ಅಲ್ಲಿ ಮಾತ್ರ ಒಂದು ಛಾಯೆ ಕಪ್ಪಾಗಿದೆ. ಟಿವಿ ಯೂನಿಟ್ ಸರಿಸಿ ನೋಡಿದ್ರೆ ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಮೇಲೆ ಬಣ್ಣ ಎದ್ದು ನಿಂತಿದೆ, ಮುಟ್ಟಿದ್ರೆ ಹಪ್ಪಳದ ಥರ ಪುಡಿ ಆಯ್ತು. ಇಷ್ಟು ದಿನ ಯೂನಿಟ್ ಹಿಂದೆ ಇದ್ದಿದ್ರಿಂದ ಯಾರೂ ನೋಡಿರ್ಲಿಲ್ಲ. ಈಗೇನು ಮಾಡೋದು ಅಣ್ಣ?

ಗಾರೆ_ಕರಣೆ
ಎರಡು ಪ್ರಶ್ನೆ. ಆ ತೇವ ಗೋಡೆ ಉದ್ದಕ್ಕೂ ಒಂದೇ ಮಟ್ಟದಲ್ಲಿದೆಯಾ ಇಲ್ಲ ಒಂದು ಕಡೆಗೆ ಮಾತ್ರನಾ? ಗೋಡೆ ಆಚೆ ಕಡೆ ಏನಿದೆ?

ಮನೆಯ ಎಲ್ಲಾ ಗೋಡೇಲೂ ನೆಲದಿಂದ ಎರಡು ಮೂರಡಿವರೆಗೆ ಪಟ್ಟಿ ಹೊಡೆದಂಗೆ ಬಂದಿದ್ರೆ ಅದು ತಳಪಾಯದಿಂದ ಏರಿದ ತೇವ, ಡಿಪಿಸಿ, ಅಂದ್ರೆ ನೆಲದ ತೇವ ಮೇಲೆ ಏರದಂಗೆ ತಳಪಾಯದ ಮೇಲೆ ಹಾಕೋ ಪದರ, ಹಾಕಿಲ್ಲ ಇಲ್ಲ ಹಾಳಾಗಿದೆ ಅಂತ. ಒಂದೇ ಜಾಗದಲ್ಲಿ ಇದ್ರೆ ಪೈಪು.

ಸಾಲಗಾಮೆ_ರೋಡ್
ಬಲಗಡೆ ನಾಲ್ಕಡಿಗೆ ಮಾತ್ರ. ಆಚೆ ಕಡೆ ಬಾತ್‌ರೂಮ್ 😐

ಗಾರೆ_ಕರಣೆ
ಸಿಕ್ತು ಬಿಡಿ. ರಾತ್ರಿ ಮಲಗೋವಾಗ ಎಲ್ಲಾ ನಲ್ಲಿ ಕಟ್ಟಿ, ಟ್ಯಾಂಕ್ ತುಂಬಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಇಳಿದಿದ್ರೆ ಪ್ಲಂಬರ್ ಕರೀರಿ, ನನ್ನ ಕರೀಬೇಡಿ.

ಬಣ್ಣದ_ಡಬ್ಬ
ಅಂಟಿಸಿಬಿಟ್ಟಿದ್ರೆ ಏನಾಗ್ತಿತ್ತು ನೋಡಿ. ಫೋಮ್ ಹಿಂದೆ ಎರಡು ವರ್ಷ ಸೋರಿ, ಗೋಡೆ ಪೂರ್ತಿ ಕೊಳೆತ ಮೇಲೆ ಗೊತ್ತಾಗ್ತಿತ್ತು.

ಆನ್‌ಲೈನ್_ಗಿರಾಕಿ
ಈಗ ನಂಗೆ ಭಯ ಆಗ್ತಿದೆ ನಮ್ಮ ಬೆಡ್‌ರೂಮ್ ಶೀಟ್ ಹಿಂದೆ ಏನಿದ್ಯೋ ಅಂತ.

ಸಕಲೇಶಪುರ_ಜಡಿಮಳೆ
ಹಲ್ಲಿ ಇರುತ್ತೆ.

ಹೋಂಸ್ಟೇ_ಹರಟೆ
ಆನ್‌ಲೈನ್ ಗಿರಾಕಿಯವರೆ, ಮಂಚದ ಪಕ್ಕ ಸ್ವಿಚ್ ಬೋರ್ಡ್ ಸುತ್ತ ಶೀಟ್ ಕತ್ತರಿಸಿ ಹಾಕಿರ್ತೀರಲ್ಲ, ಅಲ್ಲಿ ಸ್ವಲ್ಪ ಜಾಗ ಬಿಟ್ಟಿದೀರಾ? ಇದು ಪಾಲಿಥೀನ್ ಫೋಮು, ಬೆಂಕಿ ತಾಗಿದ್ರೆ ಕರಗಿ ಹನಿ ಹನಿ ಬೀಳುತ್ತೆ. ನಮ್ಮಲ್ಲಿ ಒಬ್ಬ ಗೆಸ್ಟ್ ಸೊಳ್ಳೆ ಬತ್ತಿ ಗೋಡೆಗೆ ಒರಗಿಸಿ ಇಟ್ಟು ಮಲಗಿದ್ದ, ಬೆಳಿಗ್ಗೆ ನೋಡಿದ್ರೆ ಮಗಳು ಕಾಟೇಜ್ ಬಾಗಿಲ ಪಕ್ಕ ಅಂಟಿಸಿದ್ದ ಒಂದೇ ಒಂದು ಫೋಮ್ ಶೀಟಲ್ಲಿ ಅಂಗೈ ಅಗಲ ಗುಂಡಿ. ಅವತ್ತೇ ಕಿತ್ತು ಹಾಕಿದೆ. ಒಲೆ ಹಿಂದೆ, ದೇವರ ಮನೆ, ಇವೆರಡಕ್ಕಂತೂ ಯಾರು ಏನೇ ಹೇಳಿದ್ರೂ ಹಾಕ್ಬೇಡಿ.

ಕಾಫಿ_ಕಣ
ಈ ಥ್ರೆಡ್ ಓದಿ ನಮ್ಮನೆಯವರು ಹೆಂಚಿನ ಮನೆನೇ ಸುಖ ಅಂತ ಶುರು ಮಾಡವ್ರೆ. ಮಂಗಳೂರು ಹೆಂಚು, ಕೆಮ್ಮಣ್ಣು ಸಾರಿಸಿದ ಗೋಡೆ ಇತ್ಯಾದಿ ಇತ್ಯಾದಿ. ವರ್ಷಕ್ಕೊಂದು ಸಲ ಹೆಂಚು ಕೈಯಾಡಿಸೋಕೆ ಆಳು ಸಿಗದೆ ಇವರೇ ಮಾಡು ಹತ್ತಿ ಮೂರು ಹೆಂಚು ಒಡೆದು ಇಳಿದಿದ್ದು ಮರೆತುಹೋಗಿದೆ.

ಹಳೇಬೀಡು_ಬಳಪ
ಮಂಗಳೂರು ಹೆಂಚು ಅಂದ್ರಿ ಅಂತ ಹೇಳ್ತೀನಿ, ಅದೂ ನಮ್ಮದಲ್ಲ, ಬಾಸೆಲ್ ಮಿಷನ್ ಪಾದ್ರಿಗಳು 1865ರಲ್ಲಿ ಮಂಗಳೂರಲ್ಲಿ ಫ್ಯಾಕ್ಟರಿ ಹಾಕಿದ್ದು. ಅದು ಬಂದಾಗ್ಲೂ ನಾಡಹೆಂಚಿನ ಮನೆಯ ಅಜ್ಜಿಯರು ಏನಂದಿರ್ತಾರೋ.

ಮಿತಭಾಷಿ
ಸಾರ್ ನಿಮ್ಮ ಹತ್ರ ಎಲ್ಲದಕ್ಕೂ ಇಸವಿ ಇದೆ.

ಗಾರೆ_ಕರಣೆ
ಇಟ್ಟಿಗೆ ಡಿಸೈನ್ ಬೇಕೇ ಬೇಕು ಅನ್ನೋರಿಗೆ ಪ್ಲಾಸ್ಟಿಕ್ ಇಲ್ದೆ ಒಂದು ದಾರಿ ಹೇಳ್ತೀನಿ, ಗೋಡೆ ಒಣಗಿದ್ರೆ ಮಾತ್ರ. ಮೊದಲು ಪೂರ್ತಿ ಗೋಡೆಗೆ ಸಂದಿನ ಬಣ್ಣ ಹೊಡೀರಿ, ಬೂದು ಬಣ್ಣ. ಒಣಗಿದ ಮೇಲೆ ರಸಮಟ್ಟ ಇಟ್ಟು ಮೂರು ಮೂರು ಇಂಚಿಗೆ ಅಡ್ಡ ಗೆರೆ ಎಳೀರಿ, ಒಂಬತ್ತು ಇಂಚಿಗೆ ಉದ್ದ ಗೆರೆ, ಕೆಳಗಿನ ಸಾಲಿನ ಸಂದು ಮೇಲಿನ ಇಟ್ಟಿಗೆಯ ಮಧ್ಯಕ್ಕೆ ಬರ್ಬೇಕು, ಸಂದಿನ ಮೇಲೆ ಸಂದು ಬಂದ್ರೆ ಕಟ್ಟೋ ಕೆಲಸ ಗೊತ್ತಿರೋ ಯಾರು ನೋಡಿದ್ರೂ ನಗ್ತಾರೆ. ಗೆರೆ ಮೇಲೆ ಸಣ್ಣ ಮಾಸ್ಕಿಂಗ್ ಟೇಪ್, ಮೊದಲು ಉದ್ದದ ತುಂಡುಗಳು, ಆಮೇಲೆ ಅಡ್ಡದ್ದು. ಅದರ ಮೇಲೆ ಗಟ್ಟಿಯಾಗಿ ಕಲಸಿದ ಪುಟ್ಟಿನ ಮೂರು ನಾಲ್ಕು ಮಿಲಿಮೀಟರ್ ದಪ್ಪ ಎಳೆದು, ಹಸಿ ಇರುವಾಗ್ಲೇ ಟೇಪ್ ಎಳೀಬೇಕು. ಅಡ್ಡದ್ದು ಎಳೆದ್ರೆ ಉದ್ದದ್ದೂ ಜೊತೆಗೆ ಬರುತ್ತೆ, ಬರದೇ ಇದ್ರೆ ಚಾಕು ತುದೀಲಿ ಎತ್ತಿ. ಒಣಗಿದ ಮೇಲೆ ಮರಳು ಕಾಗದ ಹಾಕಿ ಇಟ್ಟಿಗೆಗಳಿಗೆ ಮಾತ್ರ ಕೆಂಪು, ಎಲ್ಲಕ್ಕೂ ಒಂದೇ ಕೆಂಪು ಬೇಡ, ನಾಲ್ಕಾರಕ್ಕೆ ಸ್ವಲ್ಪ ಸುಟ್ಟ ಬಣ್ಣ ಸೇರಿಸಿ. ಭಟ್ಟಿಯಲ್ಲಿ ಬೆಂಕಿ ಹತ್ರ ಇದ್ದ ಇಟ್ಟಿಗೆ ಹಂಗೇ ಇರೋದು.

ಒಂದು ಗೋಡೆಗೆ ನಾಲ್ಕು ದಿನ ಬೇಕು. ಸೊಂಟ ಹೋಗುತ್ತೆ.

ಬಣ್ಣದ_ಡಬ್ಬ
ಇದು ಸರಿಯಾದ ಕೆಲಸ. ಟೇಪ್ ಎಳೆಯೋದು ತಡ ಆದ್ರೆ ಮಾತ್ರ ಇಟ್ಟಿಗೆ ಅಂಚು ಬಿಸ್ಕತ್ತಿನ ಥರ ಮುರಿದು ಬರುತ್ತೆ, ಒಂದೊಂದು ಗಜ ಮಾಡ್ಕೊಂಡು ಎಳೀತಾ ಹೋಗಿ.

ಸಾಲಗಾಮೆ_ರೋಡ್
ಎಲ್ರಿಗೂ ಥ್ಯಾಂಕ್ಸ್, ಲೇಟ್ ಆಯ್ತು ಬರೆಯೋಕೆ. ಟ್ಯಾಂಕಲ್ಲಿ ರಾತ್ರೋರಾತ್ರಿ ನಾಲ್ಕು ಬೆರಳು ನೀರು ಇಳಿದಿತ್ತು. ಪ್ಲಂಬರ್ ಬಂದು ಬಾತ್‌ರೂಮಲ್ಲಿ ಬಕೆಟ್ ತುಂಬೋ ನಲ್ಲಿಯ ಕೆಳಗಿನ ಟೈಲ್ಸ್ ಒಂದು ಒಡೆದ್ರು, ಒಳಗೆ ಎಲ್ಬೋ ಜಾಯಿಂಟಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು, ಟಿಶ್ಯೂ ಪೇಪರ್ ಒತ್ತಿ ತೋರಿಸಿದ್ರು ಒದ್ದೆ ಆಗೋದನ್ನ. ಎಲ್ಬೋ ಬದಲಾಯಿಸೋಕೆ ಅರ್ಧ ಗಂಟೆ, ಟೈಲ್ಸ್‌ಗೆ ನಾಲ್ಕು ದಿನ. ಆ ಡಿಸೈನ್ ಈಗ ಹಾಸನದಲ್ಲಿ ಎಲ್ಲೂ ಇಲ್ಲ, ಮೂರು ಅಂಗಡಿ ಸುತ್ತಿ ಕೊನೆಗೆ ಹತ್ತಿರದ ಬಣ್ಣದ್ದು ಹಾಕ್ಸಿದ್ವಿ, ಹಲ್ಲು ಕಟ್ಟಿಸಿದಂಗೆ ಕಾಣ್ತಿದೆ.

ಗೋಡೆ ಮುಟ್ಟೋ ಹಂಗಿಲ್ಲ ಈಗ, ಮಾರ್ಚ್ ತನಕ ಆರಲಿ ಅಂತ ಬಿಟ್ಟಿದೀವಿ. ಯಜಮಾನರು ಎದ್ದಿದ್ದ ಬಣ್ಣ ಕೆರೆದು ಹಾಕಿದ್ರು, ಎರಡ್ಮೂರು ಕಡೆ ಗಾರೆನೂ ಬಂತು, ಈಗ ಅಲ್ಲಿ ಒಳಗಿನ ನಿಜವಾದ ಇಟ್ಟಿಗೆ ಇಣುಕಿ ನೋಡ್ತಿದೆ. ಅತ್ತೆ ಅದರ ಮುಂದೆ ಒಂದು ಕುರ್ಚಿ ಇಟ್ಟು ಮುಚ್ಚಿದಾರೆ.

ಹೋಂಸ್ಟೇ_ಹರಟೆ
ಶೀಟ್ ಏನ್ ಮಾಡಿದ್ರಿ ಮತ್ತೆ?

ಸಾಲಗಾಮೆ_ರೋಡ್
ಹಬ್ಬಕ್ಕೆ ಎಂಟಡಿ ನಾಲ್ಕಡಿ ಪ್ಲೈವುಡ್ ಒಂದು ಮನೇಲಿತ್ತು, ಅದಕ್ಕೆ ಆರು ಶೀಟ್ ಅಂಟಿಸಿ ಲಕ್ಷ್ಮಿ ಹಿಂದೆ ನಿಲ್ಲಿಸ್ದೆ. ಇಲ್ಲಿ ಬೆಂಕಿ ವಿಷಯ ಓದಿದ್ನಲ್ಲ, ದೀಪ ಎಲ್ಲಾ ಮೂರಡಿ ಮುಂದಕ್ಕೆ ಇಟ್ಟೆ. ಬೆಳಿಗ್ಗೆ ಎದ್ದು ನೋಡ್ತೀನಿ, ಅತ್ತೆ ಪ್ಲೈವುಡ್ ಮೇಲಿಂದ ಕೆಳಗಿನ ತನಕ ಅವರ ಮದುವೆ ರೇಷ್ಮೆ ಸೀರೆ ಇಳಿಬಿಟ್ಟಿದಾರೆ, ಒಂದು ಇಟ್ಟಿಗೆನೂ ಕಾಣ್ತಿಲ್ಲ. "ಲಕ್ಷ್ಮಿನ ಗಿಲಾವಿಲ್ದ ಮನೇಲಿ ಕೂರಿಸ್ತಾರೇನವ್ವ" ಅಂದ್ರು.

ಮಿತಭಾಷಿ
ಮೊದಲೇ ಹೇಳಿದ್ದೆ. ಅತ್ತೆ ಪರ.

ಬಾಡಿಗೆಮನೆ_ಬ್ಯಾಚುಲರ್
ಅಕ್ಕ ಇನ್ನು ಆರು ಶೀಟ್ ಉಳಿದಿರುತ್ತಲ್ಲ, ಕೊಡ್ತೀರಾ? ಹೊಸ ರೂಮ್ ಮಾಡಿದೀನಿ. ಶನಿವಾರ ಹಾಸನಕ್ಕೆ ಬರ್ತೀನಿ.

ಗಾರೆ_ಕರಣೆ
ಲೋ ನಿಂಗೆ ಬುದ್ಧಿ ಬರಲ್ಲ.

ಸಾಲಗಾಮೆ_ರೋಡ್
ಐದಿದೆ ತಗೊಂಡು ಹೋಗಪ್ಪ. ಒಂದನ್ನ ಅತ್ತೆ ಮಡಚಿ ಸೊಪ್ಪು ಸೋಸೋವಾಗ ಕೂತ್ಕೊಳ್ಳೋಕೆ ಹಾಕ್ಕೊಂಡಿದಾರೆ, ಥಂಡಿ ಹೊಡೆಯಲ್ಲವಂತೆ.